ಗಾಜಿನೆಳೆಯ ಎರಡು ತುದಿಗಳು

ಬೆಂಗಳೂರು ಗ್ರಾಮಾಂತರ ಜಿಲ್ಲೆಯು 1986ರ ಆಗಸ್ಟ್ 15ರಂದು ಅಸ್ತಿತ್ವಕ್ಕೆ ಬಂದಿತು. 2007ರಲ್ಲಿ ರಾಮನಗರ ಜಿಲ್ಲೆಯು ಇದರಿಂದ ಬೇರ್ಪಟ್ಟ ಮೇಲೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳು ಉಳಿದುಕೊಂಡವು. 2025ರ ಜುಲೈ ತಿಂಗಳಿನಲ್ಲಿ ನಂದಿಬೆಟ್ಟದಲ್ಲಿ ಸೇರಿದ ರಾಜ್ಯ ಸಚಿವ ಸಂಪುಟವು ಈ ಜಿಲ್ಲೆಗೆ ಬೆಂಗಳೂರು ಉತ್ತರ ಎಂದು ಹೆಸರಿಡಲು ತೀರ್ಮಾನಿಸಿತು. ಹೆಸರು ಯಾವುದೇ ಆಗಲಿ, ಈ ನೆಲದ ಗುರುತುಗಳು ಹಳೆಯವು. ದೇವನಹಳ್ಳಿಯ ಚಕ್ಕೋತ, ದೊಡ್ಡಬಳ್ಳಾಪುರದ ಸೀರೆ, ಹೊಸಕೋಟೆಯ ವಿಶಾಲವಾದ ಕೆರೆ, ನೆಲಮಂಗಲ ಸೀಮೆಯ ಶಿವಗಂಗೆ ಇವುಗಳನ್ನು ಅರಿಯದ ಮನೆ ನಮ್ಮ ಕಡೆ ವಿರಳ. ಇವುಗಳ ಜೊತೆಗೆ ಈಗ ಇನ್ನೊಂದು ಗುರುತೂ ಸೇರಿಕೊಂಡಿದೆ. ನಾಡಿನ ಮಕ್ಕಳು ಹೊರದೇಶಕ್ಕೆ ತೆರಳುವ ಮುನ್ನ ತಂದೆತಾಯಿಗಳ ಪಾದ ಮುಟ್ಟಿ ಶರಣೆನ್ನುವುದು ಈ ಜಿಲ್ಲೆಯ ಮಣ್ಣಿನ ಮೇಲೆಯೇ.

ದೇವನಹಳ್ಳಿ ತಾಲ್ಲೂಕಿನಲ್ಲಿ 2008ರ ಮೇ 24ರಂದು ಆರಂಭವಾದ ವಿಮಾನ ನಿಲ್ದಾಣವು ಸುಮಾರು ನಾಲ್ಕು ಸಾವಿರ ಎಕರೆಗಳನ್ನು ವ್ಯಾಪಿಸಿಕೊಂಡಿದೆ. 2013ರಲ್ಲಿ ಅದಕ್ಕೆ ನಾಡಪ್ರಭು ಕೆಂಪೇಗೌಡರ ಹೆಸರು ಬಂದಿತು. 2023ರ ಸೆಪ್ಟೆಂಬರ್ 12ರಿಂದ ಹೊರದೇಶದ ವಿಮಾನಗಳು ಎರಡನೆಯ ಟರ್ಮಿನಲ್‌ನಿಂದ ಹೊರಡತೊಡಗಿದವು. ಮಧ್ಯರಾತ್ರಿಯ ಹೊತ್ತಿಗೆ ಆ ಬಾಗಿಲ ಮುಂದೆ ನಿಂತರೆ ನಮ್ಮ ಸಮಾಜದ ಕುಟುಂಬಗಳು ಕಣ್ಣಿಗೆ ಬೀಳದ ದಿನವಿಲ್ಲ. ಮಗನ ಕೊರಳಲ್ಲಿ ಕರಡಿಗೆ, ಸೊಸೆಯ ಕೈಯಲ್ಲಿ ಮಗು, ತೂಕ ಮಾಡಿ ಕಟ್ಟಿದ ಪೆಟ್ಟಿಗೆಯೊಳಗೆ ವಿಭೂತಿ ಗಟ್ಟಿ, ಚಟ್ನಿಪುಡಿ, ಹುರಿಗಡಲೆ. ತಾಯಿ ಹೇಳುವ ಕೊನೆಯ ಮಾತು ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲಿಯೂ ಒಂದೇ: “ಹೋದ ತಕ್ಷಣ ವಿಡಿಯೋ ಮಾಡಪ್ಪಾ, ಮುಖ ನೋಡಬೇಕು.”

ಮೂವತ್ತು ವರ್ಷಗಳ ಹಿಂದೆ ಈ ಮಾತು ಹೇಳಲು ಅವಕಾಶವಿರಲಿಲ್ಲ. ವಿದೇಶ ಸಂಚಾರ ನಿಗಮವು ಭಾರತದ ಸಾರ್ವಜನಿಕರಿಗೆ ಅಂತರ್ಜಾಲವನ್ನು ತೆರೆದದ್ದು 1995ರ ಆಗಸ್ಟ್ 15ರಂದು. ಅದು ಹಳ್ಳಿಯ ಹೊಸ್ತಿಲಿಗೆ ಬರಲು ಬಹಳ ಕಾಲ ಹಿಡಿಯಿತು. ಆವರೆಗೆ ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಬಳಿಯ ಹಳದಿ ಫಲಕದ ಐ.ಎಸ್.ಡಿ. ಬೂತೇ ಗತಿ. ಗಾಜಿನ ಗೂಡಿನೊಳಗೆ ನಿಂತ ತಂದೆಯ ಕಿವಿ ಮಗನ ದನಿಯ ಮೇಲೆ, ಕಣ್ಣು ಓಡುವ ಮೀಟರಿನ ಕೆಂಪು ಅಂಕಿಗಳ ಮೇಲೆ. ಆರೋಗ್ಯ ಹೇಗಿದೆ, ಮಳೆ ಬಂತೇ, ಹಣ ತಲುಪಿತೇ ಎನ್ನುವಷ್ಟರಲ್ಲಿ ಮಾತು ಮುಗಿಯುತ್ತಿತ್ತು. ಇಂದು ಮೊಮ್ಮಗುವಿನ ಹೊಸ ಹಲ್ಲನ್ನು ಅಜ್ಜಿ ಇಲ್ಲಿಂದಲೇ ಎಣಿಸುತ್ತಾಳೆ. ಆದಕಾರಣ, ಹೊಸ ದೇಶದಲ್ಲಿ ಕಾಲಿಟ್ಟವರು ಅಕ್ಕಿ ಬೇಳೆ ಹೊಂದಿಸಿಕೊಂಡ ನಂತರ ಕೈಹಾಕುವ ಮೊದಲ ಕೆಲಸಗಳಲ್ಲಿ ಮನೆಗೆ ಇಂಟರ್‌ನೆಟ್ ಸಂಪರ್ಕ ಪಡೆಯುವುದೂ ಒಂದು.

ಆ ಆಯ್ಕೆಯ ರೀತಿ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕೆಯಲ್ಲಿ ಕಂಪನಿಗಳು ಹತ್ತಾರು ಇದ್ದರೂ ಒಂದು ನಿರ್ದಿಷ್ಟ ವಿಳಾಸಕ್ಕೆ ದೊರೆಯುವವು ಅನೇಕ ವೇಳೆ ಒಂದೋ ಎರಡೋ. ಹೊಸದಾಗಿ ಹೋದವರಿಗೆ ಅಲ್ಲಿಯ ಸಾಲದ ಇತಿಹಾಸವಿರುವುದಿಲ್ಲವಾದ್ದರಿಂದ ಕೆಲವು ಕಂಪನಿಗಳು ಠೇವಣಿ ಕೇಳುವುದುಂಟು. ಮೊದಲ ವರ್ಷದ ದರ ಒಂದು, ಎರಡನೆಯ ವರ್ಷದ ದರ ಇನ್ನೊಂದು ಎಂಬ ಗೊಂದಲವೂ ಬಹಳ ಕಾಲ ಇತ್ತು. 2024ರ ಏಪ್ರಿಲ್‌ನಿಂದ ದೊಡ್ಡ ಕಂಪನಿಗಳು ದರ, ವೇಗ, ಹೆಚ್ಚುವರಿ ಶುಲ್ಕಗಳನ್ನು ಆಹಾರದ ಪೊಟ್ಟಣದ ಮೇಲಿನ ಚೀಟಿಯಂತೆ ಒಂದೇ ಪಟ್ಟಿಯಲ್ಲಿ ತೋರಿಸಬೇಕೆಂಬ ನಿಯಮ ಬಂದಿದೆ. ಬ್ರಿಟನ್ನಿನಲ್ಲಿ ಒಂದೇ ಜಾಲವನ್ನು ಅನೇಕ ಕಂಪನಿಗಳು ಹಂಚಿಕೊಂಡು ಮಾರುತ್ತವೆ. 2024ರ ಸೆಪ್ಟೆಂಬರ್‌ನಿಂದ ಹೊಸ ಕಂಪನಿಗೆ ತಿಳಿಸಿದರೆ ಸಾಕು, ಹಳೆಯದನ್ನು ಬಿಡಿಸುವ ಹೊಣೆ ಅವರದೇ. (2015ರ ನವೆಂಬರ್ 14ರಂದು ಥೇಮ್ಸ್ ನದಿಯ ದಂಡೆಯಲ್ಲಿ ಅನಾವರಣಗೊಂಡ ಬಸವೇಶ್ವರರ ಪುತ್ಥಳಿಯನ್ನು ಅಲ್ಲಿಯ ನಮ್ಮವರು ಊರಿನವರಿಗೆ ಕೈಫೋನಿನಲ್ಲಿಯೇ ತೋರಿಸುತ್ತಾರಷ್ಟೆ.) ಜರ್ಮನಿಯಲ್ಲಿ ಎರಡು ವರ್ಷದ ಕರಾರು ಸಾಮಾನ್ಯ, ಸಹಿ ಮಾಡುವ ಮೊದಲು ಯೋಚಿಸಬೇಕು. ಆಸ್ಟ್ರೇಲಿಯದಲ್ಲಿ ಸರ್ಕಾರದ ಒಡೆತನದ ಜಾಲವನ್ನು ಚಿಲ್ಲರೆ ಕಂಪನಿಗಳು ಪಡೆದು ಮನೆಗಳಿಗೆ ಕೊಡುತ್ತವೆ. ಅಲ್ಲಿ ಸಂಜೆ ಏಳರಿಂದ ಹನ್ನೊಂದರ ನಡುವೆ, ಎಲ್ಲ ಮನೆಗಳೂ ಒಟ್ಟಿಗೆ ಬಳಸುವ ಹೊತ್ತಿನಲ್ಲಿ, ವೇಗ ಎಷ್ಟಿರುತ್ತದೆಂದು ಪ್ರಕಟಿಸುವ ಕ್ರಮವಿದೆ. ಇದು ಬಹಳ ವಿವೇಕದ ಕ್ರಮವೆಂದು ನನಗೆ ತೋರುತ್ತದೆ. ನಡುರಾತ್ರಿಯ ಖಾಲಿ ರಸ್ತೆಯಲ್ಲಿ ಬಸ್ಸು ಎಷ್ಟು ವೇಗವಾಗಿ ಓಡೀತೆಂಬುದನ್ನು ಕಟ್ಟಿಕೊಂಡು ಪ್ರಯಾಣಿಕನಿಗೆ ಏನಾಗಬೇಕು? ದುಬೈಗೆ ಹೋದವರದು ಇನ್ನೊಂದು ಬಗೆ. ಅಲ್ಲಿ ವಾಟ್ಸ್‌ಆ್ಯಪ್ ಕರೆಗೆ ಬಹುಕಾಲದಿಂದ ನಿರ್ಬಂಧವಿದ್ದು, ಅನುಮತಿ ಪಡೆದ ಬೇರೆ ಆ್ಯಪ್‌ಗಳನ್ನು ಇಲ್ಲಿಯ ಹಿರಿಯರ ಫೋನಿಗೂ ಹಾಕಿಕೊಡಬೇಕಾಗುತ್ತದೆ.

ಹೀಗೆ ಹೊಸ ದೇಶದಲ್ಲಿ ಪಟ್ಟಿ ನೋಡಿ, ಗೆಳೆಯರನ್ನು ಕೇಳಿ, ಅಳೆದು ತೂಗಿ ಸಂಪರ್ಕ ಪಡೆಯುವ ಮಕ್ಕಳು ಊರಿನ ಮನೆಯ ಸಂಪರ್ಕದ ವಿಷಯದಲ್ಲಿ ಮಾತ್ರ ಆ ಶ್ರಮ ವಹಿಸುವುದಿಲ್ಲ. ಹೊರಡುವ ವಾರದ ಗಡಿಬಿಡಿಯಲ್ಲಿ ಯಾವುದೋ ಒಂದು ಸಂಖ್ಯೆಗೆ ಫೋನ್ ಮಾಡಿ ಹಾಕಿಸಿ ಹೋಗುತ್ತಾರೆ. ಅಥವಾ ಅಪ್ಪಾಜಿಯ ಫೋನಿಗೆ ದಿನಕ್ಕೆ ಒಂದೂವರೆ ಜಿ.ಬಿ. ಬರುತ್ತದೆ, ಅದೇ ಸಾಕು ಎಂದು ಬಿಡುತ್ತಾರೆ. ಮುಂದೆ ಚಿತ್ರ ನಿಂತುಹೋದಾಗ, ದನಿ ಮುರಿದಾಗ, ಆಚೆಯವರು ತಮ್ಮ ಪೆಟ್ಟಿಗೆಯನ್ನೇ ಆರಿಸಿ ಹಚ್ಚುತ್ತಿರುತ್ತಾರೆ. ಎಳೆ ಕಡಿದಿರುವುದು ಈಚೆಯಲ್ಲಿ. ಸಂಪರ್ಕಕ್ಕೆ ಎರಡು ತುದಿಗಳಿವೆ. ಈಚೆಯ ತುದಿಯನ್ನು ಆರಿಸುವುದು ಹೇಗೆಂಬುದನ್ನು ಈ ಜಿಲ್ಲೆಯ ಊರುಗಳಲ್ಲಿ ಓಡಾಡಿ ಕಂಡಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ದೊಡ್ಡಬಳ್ಳಾಪುರದಿಂದ ಆರಂಭಿಸೋಣ. ಅರ್ಕಾವತಿಯ ಮೇಲ್ಭಾಗದಲ್ಲಿರುವ ಈ ಊರಿನ ಬೀದಿಗಳಲ್ಲಿ ಬೆಳಗಿನಿಂದಲೇ ವಿದ್ಯುತ್ ಮಗ್ಗಗಳ ಸದ್ದು. ಎಳೆಯ ಬೆಲೆ ಬಲ್ಲ ಊರು ಇದು. ಹಾಸಿನಲ್ಲಿ ಒಂದು ಎಳೆ ಕಡಿದರೂ ಮಗ್ಗ ನಿಲ್ಲಿಸಿ, ಹುಡುಕಿ, ಗಂಟು ಹಾಕಿ, ಮತ್ತೆ ನಡೆಸುವ ನೇಕಾರರಿಗೆ ಫೈಬರ್ ಎಂದರೇನೆಂದು ವಿವರಿಸುವುದು ಕಷ್ಟವಲ್ಲ. ಕಂಬದಿಂದ ಮನೆಗೆ ಬರುವ ಕಪ್ಪು ತಂತಿಯೊಳಗೆ ಇರುವುದು ಒಂದು ಗಾಜಿನ ಎಳೆ. ಅದರ ದಪ್ಪ ಮಿಲಿಮೀಟರಿನ ಎಂಟನೆಯ ಒಂದು ಪಾಲು. ಬೆಳಕು ಹರಿಯುವ ಅದರ ತಿರುಳಂತೂ ಒಂಬತ್ತು ಮೈಕ್ರಾನ್, ರೇಷ್ಮೆಗೂಡಿನಿಂದ ಬಿಚ್ಚುವ ಎಳೆಗಿಂತಲೂ ಸಣ್ಣದು. ಬೀದಿಯ ತನಕ ಬಂದ ಒಂದು ಎಳೆಯ ಬೆಳಕನ್ನು ಅಲ್ಲಿಯ ಪೆಟ್ಟಿಗೆಯಲ್ಲಿ ಮೂವತ್ತೆರಡು ಅಥವಾ ಅರವತ್ತನಾಲ್ಕು ಮನೆಗಳಿಗೆ ಹಂಚುತ್ತಾರೆ. ಹಾಸಿನ ಎಳೆಗೆ ಗಂಟು ಹಾಕಬಹುದು, ಗಾಜಿನ ಎಳೆಗೆ ಗಂಟಿಲ್ಲ. ಕಡಿದರೆ ಎರಡು ತುದಿಗಳನ್ನು ಯಂತ್ರದಲ್ಲಿಟ್ಟು ವಿದ್ಯುತ್ ಕಿಡಿಯಿಂದ ಕರಗಿಸಿ ಬೆಸೆಯಬೇಕು. ಆ ಯಂತ್ರವೂ ಅದನ್ನು ಬಳಸಬಲ್ಲ ಕೈಯೂ ಊರಿನಲ್ಲಿ ಇರಬೇಕು.

ಇಲ್ಲಿಯೇ ವಿಷಯದ ತಿರುಳಿರುವುದು. ಜಾಹೀರಾತಿನಲ್ಲಿ ಕಾಣುವುದು ಕಂಪನಿಯ ಹೆಸರು. ಮನೆಗೆ ಬರುವವನು ಊರಿನ ಕೇಬಲ್‌ನವನು. ತೊಂಬತ್ತರ ದಶಕದಲ್ಲಿ ಡಿಶ್ ನೆಟ್ಟು ಮನೆಮನೆಗೆ ಟಿ.ವಿ. ಕೇಬಲ್ ಎಳೆದವರಲ್ಲಿ ಅನೇಕರು ಈಗ ಅದೇ ಕಂಬಗಳ ಮೇಲೆ ಫೈಬರ್ ಎಳೆದಿದ್ದಾರೆ. ಬಿ.ಎಸ್.ಎನ್.ಎಲ್. ಕೂಡ ಹಳ್ಳಿಗಳಲ್ಲಿ ಇಂತಹವರ ಜೊತೆ ವರಮಾನ ಹಂಚಿಕೊಂಡು ಸಂಪರ್ಕ ಕೊಡಿಸುತ್ತದೆ. ಖಾಸಗಿ ಕಂಪನಿಗಳಲ್ಲಿಯೂ ಕೊನೆಯ ತಂತಿಯ ದುರಸ್ತಿ ಬಹಳ ಕಡೆ ಗುತ್ತಿಗೆಯವರದು. ಆದಕಾರಣ ಯಾವ ಕಂಪನಿ ಒಳ್ಳೆಯದೆಂದು ಅಮೆರಿಕೆಯಲ್ಲಿ ಕುಳಿತು ಹುಡುಕುವುದಕ್ಕಿಂತ, ನಮ್ಮ ಬೀದಿಯ ಕಂಬದಲ್ಲಿ ಯಾರ ಪೆಟ್ಟಿಗೆ ಇದೆ, ಕಳೆದ ಮಳೆಗಾಲದಲ್ಲಿ ಕೆಂಪು ದೀಪ ಹತ್ತಿದಾಗ ಎಷ್ಟು ದಿನಕ್ಕೆ ಬಂದು ಸರಿಪಡಿಸಿದರು ಎಂದು ಪಕ್ಕದ ಮನೆಯವರನ್ನು ಕೇಳುವುದು ಲೇಸು. ಕೆಂಪು ದೀಪವೆಂದರೆ ಗೋಡೆಯ ಪೆಟ್ಟಿಗೆಯ ಮೇಲೆ ಎಲ್.ಓ.ಎಸ್. ಎಂದು ಬರೆದಿರುವ ದೀಪ. ಅದು ಹತ್ತಿತೆಂದರೆ ಬೆಳಕು ಮನೆಯ ತನಕ ಬರುತ್ತಿಲ್ಲವೆಂದು ಅರ್ಥ. ಪೆಟ್ಟಿಗೆಯನ್ನು ಎಷ್ಟು ಸಲ ಆರಿಸಿ ಹಚ್ಚಿದರೂ ಪ್ರಯೋಜನವಿಲ್ಲ, ತಂತಿ ನೋಡುವವನೇ ಬರಬೇಕು. ಹಿರಿಯರಿಗೆ ಬೇರೆ ಏನನ್ನು ಕಲಿಸದಿದ್ದರೂ ಈ ಒಂದು ದೀಪವನ್ನು ತೋರಿಸಿಕೊಡಬೇಕು. “ನೆಟ್ ಇಲ್ಲ” ಎನ್ನುವ ಬದಲು “ಕೆಂಪು ಲೈಟ್ ಬಂದಿದೆ” ಎಂದು ತಿಳಿಸಿದರೆ ಅರ್ಧ ದಿನದ ಮಾತು ಉಳಿಯುತ್ತದೆ.

ದೇವನಹಳ್ಳಿಯ ಕಡೆಗೆ ಬಂದರೆ ದೃಶ್ಯ ಬದಲಾಗುತ್ತದೆ. 1501ರಲ್ಲಿ ಮಲ್ಲಬೈರೇಗೌಡನು ಕಟ್ಟಿಸಿದನೆನ್ನುವ ಕೋಟೆ, ಟಿಪ್ಪು ಸುಲ್ತಾನನ ಜನ್ಮಸ್ಥಳ, ಚಕ್ಕೋತದ ತೋಟಗಳು ಒಂದು ಕಡೆ. ಆಳೆತ್ತರದ ಗೋಡೆಯೊಳಗಿನ ಹೊಸ ಬಡಾವಣೆಗಳು ಇನ್ನೊಂದು ಕಡೆ. ಹತ್ತು ಹದಿನೈದು ವರ್ಷ ಹೊರದೇಶದಲ್ಲಿದ್ದು ಮರಳಿದ ಕುಟುಂಬಗಳು ವಿಮಾನ ನಿಲ್ದಾಣ ಸಮೀಪವೆಂದು ಇಲ್ಲಿ ನೆಲೆಸುತ್ತಿವೆ. ಅವರಿಗೆ ನಮ್ಮ ದೇಶವೇ ಹೊಸ ದೇಶವಿದ್ದಂತೆ. ಒಂದು ದೊಡ್ಡ ಬಡಾವಣೆಯಲ್ಲಿ ಒಂದೇ ಕಂಪನಿಗೆ ಒಳಗೆ ಬರಲು ಬಿಟ್ಟಿದ್ದುದನ್ನು ಕಂಡೆ. ಅಲ್ಲಿಯ ನಿವಾಸಿಗಳಿಗೆ ಆಯ್ಕೆಯೆಂಬುದು ಮನೆ ಕೊಳ್ಳುವ ದಿನವೇ ಮುಗಿದಿತ್ತು. ಮನೆ ನೋಡಲು ಹೋದಾಗ ನೀರು, ಕರೆಂಟು ವಿಚಾರಿಸುವಂತೆ ಇದನ್ನೂ ವಿಚಾರಿಸಬೇಕು. ಇನ್ನು ಈ ಸೀಮೆಯ ರಸ್ತೆಗಳು. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿಗಳನ್ನು ಹಾದು ಹೊಸಕೋಟೆಯ ಕಡೆಗೆ ಸಾಗುವ ವರ್ತುಲ ಹೆದ್ದಾರಿ, ಅದಕ್ಕೆ ಸೇರುವ ರಸ್ತೆಗಳು, ನೀರಿನ ಕೊಳವೆಗಳು ಎಂದು ಸದಾ ಎಲ್ಲಿಯಾದರೊಂದು ಕಡೆ ಅಗೆತ. ಜೆ.ಸಿ.ಬಿ.ಯ ಹಲ್ಲಿಗೆ ರಾಗಿಯ ಬೇರೂ ಒಂದೇ, ಗಾಜಿನ ಎಳೆಯೂ ಒಂದೇ. ಮನೆಯಿಂದಲೇ ಉದ್ಯೋಗ ಮಾಡುವವರು ಇಲ್ಲಿ ಎರಡು ಬೇರೆ ದಾರಿಯ ಸಂಪರ್ಕಗಳನ್ನು, ಒಂದು ತಂತಿಯದು, ಒಂದು ಗಾಳಿಯದು, ಇಟ್ಟುಕೊಳ್ಳುವುದು ದುಂದುಗಾರಿಕೆಯಲ್ಲ.

ಗಾಳಿಯ ಸಂಪರ್ಕವೆಂದರೆ ಏರ್ ಫೈಬರ್ ಎಂದು ಕರೆಯುವ ವ್ಯವಸ್ಥೆ. 2023ರಲ್ಲಿ ಏರ್‌ಟೆಲ್ ಮತ್ತು ಜಿಯೋ ಎರಡೂ ಇದನ್ನು ಆರಂಭಿಸಿದವು. ಮಾಳಿಗೆಯ ಮೇಲೆ ಒಂದು ಗ್ರಾಹಕವನ್ನು ಕೂರಿಸಿ ಗೋಪುರದ 5ಜಿ ಅಲೆಯನ್ನು ಹಿಡಿದು ಮನೆಯೊಳಗೆ ಹರಡುತ್ತಾರೆ. ಹೊಸಕೋಟೆ ತಾಲ್ಲೂಕಿನ ಬಯಲು ಪ್ರದೇಶದಲ್ಲಿ, ತಂತಿ ಇನ್ನೂ ಬಾರದ ತೋಟದ ಮನೆಗಳಿಗೆ ಇದು ಉಪಕಾರಿ. ಗೋಪುರ ಕಣ್ಣಿಗೆ ಕಾಣುವಷ್ಟು ಹತ್ತಿರವಿದ್ದರೆ ಚಿಂತೆಯಿಲ್ಲ. ದೂರವಾದಷ್ಟೂ, ಸಂಜೆ ಬಳಸುವವರು ಹೆಚ್ಚಿದಷ್ಟೂ, ಅದರ ಶಕ್ತಿ ತಗ್ಗುತ್ತದೆ.

ಮುಂದೆ ಹೋಗುವ ಮೊದಲು ಲೆಕ್ಕದ ಮಾತು ಕೆಲವನ್ನು ಹೇಳಿಬಿಡುವುದು ಒಳಿತು. ಇಬ್ಬರು ಹಿರಿಯರಿರುವ ಮನೆಯಲ್ಲಿ ಮಕ್ಕಳೊಡನೆ ಮುಖ ನೋಡಿ ಮಾತನಾಡಲು ಎರಡು ಮೂರು ಎಂ.ಬಿ.ಪಿ.ಎಸ್. ವೇಗವಿದ್ದರೆ ಧಾರಾಳವಾಯಿತು. ಮುನ್ನೂರು, ಐನೂರು ಎಂದು ಹಣ ಸುರಿಯಬೇಕಿಲ್ಲ. ಆದರೆ ಆ ವೇಗ ಎರಡೂ ದಿಕ್ಕಿಗೆ ಇರಬೇಕು. ಅಜ್ಜಿಯ ಮುಖ ಆಚೆಗೆ ಹೋಗುವುದು ಮೇಲ್ಮುಖ ವೇಗದಿಂದ. ಹಳೆಯ ತಾಮ್ರದ ತಂತಿಯಲ್ಲಿ ಇದು ತೀರ ಕಡಿಮೆ. ಮಕ್ಕಳ ಮುಖ ಇಲ್ಲಿ ಸ್ವಚ್ಛವಾಗಿ ಕಂಡು, ಇಲ್ಲಿಯವರದು ಅಲ್ಲಿ ಮಸುಕಾಗುವುದಕ್ಕೆ ಅದೇ ಕಾರಣ. ಜಾಹೀರಾತಿನ ದರಕ್ಕೆ ನೂರಕ್ಕೆ 18ರಂತೆ ಜಿ.ಎಸ್.ಟಿ. ಸೇರಿಸಿಕೊಂಡು ಲೆಕ್ಕ ಹಾಕಬೇಕು. ವರ್ಷದ ಹಣವನ್ನು ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಸಿಗುವುದು ನಿಜ. ಆದರೆ ಸೇವೆ ಹೇಗಿದೆಯೆಂದು ಮೂರು ತಿಂಗಳು ನೋಡಿ ಆಮೇಲೆ ಕಟ್ಟುವುದು ಜಾಣತನ. ಹಣ ಮುಂಗಡವಾಗಿ ಕೈಸೇರಿದ ಮೇಲೆ ಫೋನ್ ಎತ್ತುವ ಉತ್ಸಾಹ ಎಲ್ಲರಲ್ಲಿಯೂ ಒಂದೇ ಸಮನಾಗಿ ಉಳಿಯುವುದಿಲ್ಲ.

ಸಂಪರ್ಕವನ್ನು ಊರಿನಲ್ಲಿರುವ ತಂದೆಯ ಅಥವಾ ತಾಯಿಯ ಹೆಸರಿನಲ್ಲಿಯೇ ಪಡೆಯಬೇಕು. ಹೊರದೇಶದಲ್ಲಿರುವ ಮಗನ ಹಳೆಯ ಸಂಖ್ಯೆಗೆ ಓ.ಟಿ.ಪಿ. ಹೋಗುವಂತಾದರೆ ಒಂದು ದೂರು ಕೊಡಲೂ ಆಗುವುದಿಲ್ಲ. ಹಣ ಕಟ್ಟುವ ಕೆಲಸವನ್ನು ಬೇಕಾದರೆ ಮಗನೇ ಇಟ್ಟುಕೊಳ್ಳಬಹುದು. 2023ರಲ್ಲಿ ಮೊದಲು ಹತ್ತು ದೇಶಗಳ ಮೊಬೈಲ್ ಸಂಖ್ಯೆಗಳಿಗೆ, ಅನಿವಾಸಿ ಖಾತೆಯಿದ್ದರೆ, ಯು.ಪಿ.ಐ. ಬಳಸಲು ಅನುಮತಿ ದೊರೆಯಿತು. ಇನ್ನೊಂದು ಸಣ್ಣ ವಸ್ತು: ರೂಟರಿಗೆ ಕಟ್ಟುವ ಪುಟ್ಟ ಬ್ಯಾಟರಿ. ಕರೆಂಟು ಹೋದರೂ ಗಾಜಿನಲ್ಲಿ ಬೆಳಕು ಬರುತ್ತಲೇ ಇರುತ್ತದೆ. ನಿಲ್ಲುವುದು ನಮ್ಮ ಮನೆಯ ಪೆಟ್ಟಿಗೆ ಮಾತ್ರ. ಹಳ್ಳಿಯ ಮನೆಗೆ ಇದು ದೀಪದಷ್ಟೇ ಅಗತ್ಯ. ಕೆಲವೊಮ್ಮೆ ಎರಡೂ ಮನೆಗಳು ಸರಿಯಿದ್ದು ನಡುವಿನ ಕಡಲಿನಲ್ಲಿ ತೊಡಕಾಗುವುದೂ ಉಂಟು. ನಮ್ಮ ಮಾತು ಮುಂಬಯಿಯಿಂದಲೋ ಚೆನ್ನೈಯಿಂದಲೋ ಸಮುದ್ರದ ತಳದ ತಂತಿಗಳನ್ನು ಹಿಡಿದು ಸಾಗುತ್ತದೆ. 2008ರ ಜನವರಿಯಲ್ಲಿ ಅಲೆಕ್ಸಾಂಡ್ರಿಯದ ಬಳಿ, 2025ರ ಸೆಪ್ಟೆಂಬರ್‌ನಲ್ಲಿ ಕೆಂಪು ಸಮುದ್ರದಲ್ಲಿ ಅಂತಹ ತಂತಿಗಳು ಕಡಿದಾಗ ಭಾರತದ ಸಂಪರ್ಕವೂ ನಿಧಾನವಾಯಿತು. ಅದಕ್ಕೆ ಕೇಬಲ್‌ನವನನ್ನು ಬೈದು ಫಲವಿಲ್ಲ.

ನೆಲಮಂಗಲದಲ್ಲಿ ಹೆದ್ದಾರಿ ಕವಲೊಡೆಯುತ್ತದೆ; ಒಂದು ಹಾಸನ, ಮಂಗಳೂರಿನ ಕಡೆಗೆ, ಇನ್ನೊಂದು ತುಮಕೂರಿನ ಕಡೆಗೆ. ತುಮಕೂರಿನ ದಾರಿ ನಮ್ಮವರಿಗೆ ಸಿದ್ಧಗಂಗೆಯ ದಾರಿ. 2019ರ ಜನವರಿ 21ರಂದು ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳವರು ಲಿಂಗೈಕ್ಯರಾದಾಗ ಈ ರಸ್ತೆಯಲ್ಲಿ ಹರಿದ ಜನಸಾಗರವನ್ನು ಮರೆಯಲಾದೀತೆ? ಮರುದಿನ ನಡೆದ ಕ್ರಿಯಾಸಮಾಧಿಯ ವಿಧಿಗಳನ್ನು ಬರಲಾಗದ ಭಕ್ತರು ನೇರ ಪ್ರಸಾರದಲ್ಲಿ ಕಣ್ತುಂಬಿಕೊಂಡರು. ದೂರದಲ್ಲಿದ್ದೂ ಸನ್ನಿಧಿಯಲ್ಲಿರುವ ಭಾವ ಏನೆಂಬುದು ಬಹಳ ಮನೆಗಳಿಗೆ ಅಂದು ತಿಳಿಯಿತು.

ಅದೇ ದಾರಿಯಲ್ಲಿ ದಾಬಸ್‌ಪೇಟೆಯಿಂದ ಎಡಕ್ಕೆ ತಿರುಗಿದರೆ ಶಿವಗಂಗೆ. ಒಂದೊಂದು ದಿಕ್ಕಿನಿಂದ ಒಂದೊಂದು ರೂಪದಲ್ಲಿ ಕಾಣುವ ಬೆಟ್ಟ, ಗಂಗಾಧರೇಶ್ವರನ ಸನ್ನಿಧಿ, ತುಪ್ಪವು ಬೆಣ್ಣೆಯಾಗುವುದೆಂಬ ಭಕ್ತರ ನಂಬಿಕೆ, ಮೇಲಣಗವಿ ಮಠ, ಇವೆಲ್ಲ ಓದುಗರಿಗೆ ಪರಿಚಿತ. ಕಡಿದಾದ ಬಂಡೆಯ ಈ ಬೆಟ್ಟವು ಅಲೆಗಳಿಗೆ ಅಡ್ಡಗೋಡೆಯೂ ಹೌದು. ಗೋಪುರ ಬೆಟ್ಟದ ಆಚೆಗಿದ್ದರೆ ಈಚೆಯ ಹಳ್ಳಿಯಲ್ಲಿ ಫೋನಿನ ಗೆರೆಗಳು ಒಂದಕ್ಕಿಳಿಯುತ್ತವೆ. ಒಂದು ಮನೆಯ ಜಗುಲಿಯಲ್ಲಿ ಒಂದು ಕಂಪನಿ, ಹಿತ್ತಿಲಲ್ಲಿ ಇನ್ನೊಂದು. ಇಲ್ಲಿ ತಂತಿಯೇ ನಂಬಿಕೆಗೆ ಅರ್ಹ. 2011ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ, ಈಗ ಭಾರತ್‌ನೆಟ್ ಎಂದು ಹೆಸರಾಗಿರುವ ಯೋಜನೆಯಲ್ಲಿ ಗ್ರಾಮ ಪಂಚಾಯಿತಿಗಳ ತನಕ ಫೈಬರ್ ಎಳೆಯುವ ಕೆಲಸ ನಡೆದಿದೆ. ಪಂಚಾಯಿತಿ ಕಚೇರಿಯಿಂದ ಮನೆಯ ಬಾಗಿಲಿಗೆ ಇರುವ ಆ ಒಂದೆರಡು ಕಿಲೋಮೀಟರೇ ಉಳಿದ ಸಮಸ್ಯೆ.

ಈ ಸೀಮೆಯ ಒಂದು ಹಳ್ಳಿಯ ಶರಣ ದಂಪತಿಗಳ ಮನೆಯ ಸಂಗತಿಯನ್ನು ಹೇಳಬೇಕು. ಊರು ಹೆಸರುಗಳು ಬೇಡ. ಅವರ ಹಿರಿಯ ಮಗ ಆಸ್ಟ್ರೇಲಿಯದ ಮೆಲ್ಬರ್ನ್‌ನಲ್ಲಿದ್ದಾನೆ. ಅಲ್ಲಿಗೆ ಹೋದ ಹೊಸದರಲ್ಲಿ ತನ್ನ ಮನೆಗೆ ಕಂಪನಿ ಆರಿಸುವಾಗಲೇ ಊರಿನ ಮನೆಗೂ ಒಂದನ್ನು ಅವನೇ ಗೊತ್ತುಮಾಡಿದ. ದರ ಕಡಿಮೆ, ವೇಗ ಹೆಚ್ಚು, ಹೆಸರು ದೊಡ್ಡದು. ತಂದೆ ಒಪ್ಪಲಿಲ್ಲ.

“ಅವರ ಆಫೀಸು ಎಲ್ಲಿದೆಯಪ್ಪಾ?”

“ಬೆಂಗಳೂರಿನಲ್ಲಿ ಇರುತ್ತೆ ಅಪ್ಪಾಜಿ. ಫೋನ್ ಮಾಡಿದರೆ ಬರುತ್ತಾರೆ.”

“ಕೇಬಲ್ ಹುಡುಗ ಆಚೆ ಬೀದಿಯಲ್ಲೇ ಇದ್ದಾನೆ. ಕೂಗಿದರೆ ಬರುತ್ತಾನೆ. ನಿಮ್ಮಮ್ಮನಿಗೆ ದಿನಾ ಮಕ್ಕಳ ಮುಖ ಕಾಣಬೇಕು, ನನಗೆ ಅಷ್ಟು ಸಾಕು.”

ತಿಂಗಳಿಗೆ ಒಂದಷ್ಟು ಹೆಚ್ಚು ಹಣ, ಅರ್ಧದಷ್ಟು ವೇಗ, ಮಗ ಸುಮ್ಮನಾದ. ಅಂದಿನಿಂದ ನಾಲ್ಕು ವರ್ಷ, ಬೆಳಗಿನ ಆರು ಗಂಟೆಗೆ ತಾಯಿ ಇಷ್ಟಲಿಂಗ ಪೂಜೆಗೆ ಕುಳಿತರೆ ಎದುರಿನ ಗೂಡಿನಲ್ಲಿ ಫೋನ್ ಒರಗಿರುತ್ತಿತ್ತು. ಅಲ್ಲಿ ಹತ್ತೂವರೆ. ರಜೆಯ ದಿನಗಳಲ್ಲಿ ಮೊಮ್ಮಕ್ಕಳು ಎದುರಿಗೆ ಕುಳಿತು ಅಜ್ಜಿಯ ಜೊತೆ ವಚನ ಹೇಳುತ್ತಿದ್ದರು. ಕನ್ನಡದ ಅಕ್ಷರ ಬಾರದ ಮಕ್ಕಳಿಗೆ ವಚನ ಬಾಯಿಗೆ ಬಂದದ್ದು ಹೀಗೆ.

ಆ ತಾಯಿ ಒಂದು ಆಷಾಢದಲ್ಲಿ, ನಡುರಾತ್ರಿ ಕಳೆದ ಮೇಲೆ, ಲಿಂಗೈಕ್ಯರಾದರು. ಮಗನಿಗೆ ವಿಮಾನ ದೊರೆತದ್ದು ಮರುದಿನ ಬೆಳಿಗ್ಗೆಗೆ. ನಮ್ಮಲ್ಲಿ ಅಷ್ಟು ಹೊತ್ತು ಕಾಯುವ ಪದ್ಧತಿಯಿಲ್ಲ; ಆ ದಿನ ಸಂಜೆ ನಾಲ್ಕಕ್ಕೆ ಕ್ರಿಯಾಸಮಾಧಿಯೆಂದು ಹಿರಿಯರು ನಿಶ್ಚಯಿಸಿದರು. ಸ್ಥಳ ಮನೆಯ ತೋಟ. ಮನೆಯಲ್ಲಿ ಫೈಬರ್ ಇತ್ತು, ತೋಟದಲ್ಲಿ ಏನೂ ಇರಲಿಲ್ಲ. ಬೆಟ್ಟದ ಮರೆಯ ಆ ತಗ್ಗಿನಲ್ಲಿ ಫೋನಿನ ಗೆರೆ ಒಂದು. ಅಂದು ಸೇರುವ ಮುನ್ನೂರು ಜನರ ಜೇಬಿನಲ್ಲಿ ಮುನ್ನೂರು ಫೋನುಗಳು.

ಬೆಳಿಗ್ಗೆ ಅಂತಿಮ ದರ್ಶನಕ್ಕೆ ಬಂದ ಕೇಬಲ್ ಹುಡುಗ ಪತ್ರೆ ಇಟ್ಟು ನಮಸ್ಕರಿಸಿ ಹೊರಗೆ ಬಂದವನು, “ಅಣ್ಣ ನೋಡೋದು ಹೇಗೆ ತಾತಾ?” ಎಂದು ಕೇಳಿದ. ಹಿರಿಯರಿಗೆ ಉತ್ತರ ತೋಚಲಿಲ್ಲ. ಅವನು ಮನೆಗೆ ಹೋಗಿ ತಂತಿಯ ಸುರುಳಿಯೊಂದನ್ನು ಬೈಕಿನ ಮೇಲೆ ಹೇರಿಕೊಂಡು ಬಂದ. ಮನೆಯ ಮೂಲೆಯ ಕಂಬದಿಂದ ಬೇಲಿಯ ಗೂಟಗಳ ಮೇಲೆ, ಹೊಂಗೆಯ ಮರದ ಕೊಂಬೆಯ ಮೇಲೆ, ಪಂಪಿನ ಮನೆಯ ಸೂರಿನ ಕೆಳಗೆ ನಾನ್ನೂರು ಮೀಟರ್ ಎಳೆದ. ಸಾಲದೆ ಬಂದ ಕಡೆ ಇನ್ನೊಂದು ತುಂಡನ್ನು ಬೆಸೆದ. ಜಿನುಗುವ ಮಳೆಯಲ್ಲಿ ಬೆಸೆಯುವ ಯಂತ್ರಕ್ಕೆ ಛತ್ರಿ ಹಿಡಿದು ನಿಂತವರು ಊರಿನ ಶಾಲೆಯ ಮೇಷ್ಟ್ರು. ಪಂಪಿನ ಮನೆಯ ಕರೆಂಟನ್ನು ನಂಬುವಂತಿರಲಿಲ್ಲವಾಗಿ, ಪೆಟ್ಟಿಗೆಯನ್ನು ಬ್ಯಾಟರಿಗೆ ಕಟ್ಟಿ ತೆಂಗಿನ ಮರದ ಬುಡದಲ್ಲಿ ಬಕೆಟ್ ಬೋರಲು ಹಾಕಿ ಮುಚ್ಚಿದ. ಮೂರೂವರೆಗೆ ಹಸಿರು ದೀಪ ಬಂದಿತು.

ವಿಮಾನವು ತೋಟಕ್ಕೆ ಬರುವ ವೇಳೆಗೆ ಮೆಲ್ಬರ್ನ್‌ನಲ್ಲಿ ರಾತ್ರಿ ಎಂಟೂವರೆ ದಾಟಿತ್ತು. ಮಗ, ಸೊಸೆ, ಮಕ್ಕಳಿಬ್ಬರು ಹಣೆಗೆ ವಿಭೂತಿ ಧರಿಸಿ ನೆಲದ ಮೇಲೆ ಕುಳಿತಿದ್ದರು. ತಮ್ಮನ ಮಗ ಫೋನನ್ನು ಎರಡು ಕೈಯಲ್ಲಿ ಎದೆಯ ಮಟ್ಟಕ್ಕೆ ಹಿಡಿದು ನಿಂತ. ಅಯ್ಯನವರು ವಿಧಿಗಳನ್ನು ನಡೆಸುತ್ತ, ಎಡಗೈಯಲ್ಲಿ ಇಷ್ಟಲಿಂಗವನ್ನು ಇರಿಸಿದ ನಂತರ ಒಂದು ಕ್ಷಣ ತಡೆದು ಫೋನಿನ ಕಡೆ ತಿರುಗಿ, “ಹಿರಿಯ ಮಗ ಮಂತ್ರ ಹೇಳಲಿ” ಎಂದರು. ಅಷ್ಟು ದೂರದಿಂದ “ಓಂ ನಮಃ ಶಿವಾಯ” ಎಂಬ ದನಿ ಬಂದಿತು. ಸುತ್ತ ನಿಂತವರೆಲ್ಲರೂ ದನಿಗೂಡಿಸಿದರು. ವಿಭೂತಿ, ಬಿಲ್ವಪತ್ರೆ, ಮೃತ್ತಿಕೆಗಳು ಸಲ್ಲುವ ತನಕ, ಸುಮಾರು ಒಂದು ಗಂಟೆ ಇಪ್ಪತ್ತು ನಿಮಿಷ, ಚಿತ್ರ ಒಮ್ಮೆಯೂ ನಿಲ್ಲಲಿಲ್ಲ.

ಮೂರನೆಯ ದಿನ ಮಗ ಬಂದ. ಶಿವಗಣಾರಾಧನೆ ಮುಗಿಯುವ ತನಕ ಇದ್ದ. ಕೇಬಲ್ ಹು‌ಡುಗನಿಗೆ ಹಣ ಕೊಡಲು ಹೋದಾಗ ಅವನು ತಂತಿಯ ಬೆಲೆಯನ್ನು ಲೆಕ್ಕ ಹಾಕಿ ಅಷ್ಟನ್ನು ಮಾತ್ರ ತೆಗೆದುಕೊಂಡ. ಸುರುಳಿಗೆ ಅವನೂ ಯಾರಿಗೋ ಬಾಕಿ ಕೊಡಬೇಕಿತ್ತು.

ಕಳೆದ ಶ್ರಾವಣದಲ್ಲಿ ಶಿವಗಂಗೆಗೆ ಹೋದಾಗ ನಾನು ಆ ಮನೆಗೂ ಹೋಗಿದ್ದೆ. ಹಿರಿಯರು ಈಗ ತಾವೇ ಬೆಳಗಿನ ಪೂಜೆಗೆ ಫೋನ್ ಒರಗಿಸಿಕೊಳ್ಳುತ್ತಾರೆ. ಗೋಡೆಯ ಮೇಲೆ ಎರಡು ಗಡಿಯಾರಗಳಿವೆ. ಅಕ್ಟೋಬರ್ ತಿಂಗಳ ಮೊದಲ ಭಾನುವಾರ ಆಚೆಯವರು ಗಡಿಯಾರವನ್ನು ಒಂದು ಗಂಟೆ ಮುಂದೂಡುವುದರಿಂದ, ಅಂದು ಇವರೂ ಕುರ್ಚಿ ಹತ್ತಿ ಎರಡನೆಯದನ್ನು ತಿರುಗಿಸುತ್ತಾರಂತೆ. ತೋಟದ ತಂತಿಯನ್ನು ಕೇಬಲ್ ಹುಡುಗ ಇನ್ನೂ ಸುತ್ತಿಕೊಂಡು ಹೋಗಿಲ್ಲ. ಬೇಲಿಯ ಗೂಟಗಳ ಮೇಲಿದ್ದುದನ್ನು ಇಳಿಸಿ ಕೊಳವೆಯೊಳಗೆ ಹಾಕಿ ಮಣ್ಣಿನಲ್ಲಿ ಹೂತಿದ್ದಾನೆ. ಸೋಮವಾರ ಹಿರಿಯರು ಹೂ, ಪತ್ರೆಗಳ ಬುಟ್ಟಿಯೊಡನೆ ಪೆಟ್ಟಿಗೆಯನ್ನೂ ಎತ್ತಿಕೊಂಡು ಗದ್ದುಗೆಯ ಬಳಿಗೆ ಹೋಗುತ್ತಾರೆ.